ಕೂಟಲೇಖ: ಒಬ್ಬ ಲೆಕ್ಕಿಗನ ನಿವೇದನೆ

(ಉಪ್ಪಲ್‌ನಲ್ಲಿ ನೆರೆದ ಕನ್ನಡ ಜೈನ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣ)

 

ವ್ಯಾಪಾರದಲ್ಲಿ ಪ್ರಾಮಾಣಿಕತೆಯನ್ನು ಕುರಿತು ಮಾತನಾಡಬೇಕೆಂದು ಸಂಘಟಕರು ಅಪ್ಪಣೆ ಮಾಡಿದ್ದಾರೆ. ವಿಷಯ ದೊಡ್ಡದು, ನಾನು ಉಪ್ಪಲ್ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಗಳಲ್ಲಿ ಕಿರ್ದಿ, ಖಾತೆ ಬರೆಯುತ್ತ ತಲೆ ನರೆತವನು. ಆದ್ದರಿಂದ ನನ್ನ ಕಸುಬಿಗೆ ಸೇರಿದ ಒಂದೇ ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇನೆ. ಸುಳ್ಳು ಲೆಕ್ಕವನ್ನು ಹೇಳಿಸುವವರು ಒಬ್ಬರು, ಬರೆಯುವವರು ಇನ್ನೊಬ್ಬರು. ಆ ಬರೆಯುವ ಕೈಯ ಗತಿ ಏನು?

ಇದಕ್ಕೆ ನಮ್ಮ ನಗರವೇ ಉದಾಹರಣೆ ಒದಗಿಸಿದೆ. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್ ಸಂಸ್ಥೆಯ ಅಧ್ಯಕ್ಷ ಬಿ. ರಾಮಲಿಂಗ ರಾಜು ತಮ್ಮ ಆಡಳಿತ ಮಂಡಳಿಗೆ ಪತ್ರ ಬರೆದರು. 2008ರ ಸೆಪ್ಟೆಂಬರ್ 30ರ ಲೆಕ್ಕದಲ್ಲಿ ನಗದು ಮತ್ತು ಬ್ಯಾಂಕ್ ಶಿಲ್ಕು 5,361 ಕೋಟಿ ರೂಪಾಯಿ ಎಂದಿತ್ತು; ಅದರಲ್ಲಿ 5,040 ಕೋಟಿ ಇರಲೇ ಇಲ್ಲ. ಆ ತ್ರೈಮಾಸಿಕದ ವರಮಾನವನ್ನು 2,700 ಕೋಟಿ ಎಂದು ತೋರಿಸಲಾಗಿತ್ತು. ನಿಜವಾದದ್ದು 2,112 ಕೋಟಿ. ಲಾಭಾಂಶ ಶೇಕಡಾ 24 ಎಂದು ಜಗತ್ತು ನಂಬಿತ್ತು. ಇದ್ದದ್ದು ಶೇಕಡಾ 3. ಪತ್ರಿಕೆಗಳು ಈ ಮೊತ್ತಗಳನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿದವು. ಲೆಕ್ಕಿಗನಾದ ನನ್ನ ಕಣ್ಣು ಮಾತ್ರ ಅದೇ ಪತ್ರದ ಇನ್ನೊಂದು ಸಾಲಿನ ಮೇಲೆ ನಿಂತಿತು: ಬರಬೇಕಾದ ಬಡ್ಡಿ 376 ಕೋಟಿ, ಅದೂ ಇಲ್ಲ.

ಇದೇಕೆ ಮುಖ್ಯವೆಂದರೆ, ಜಮಾ ಖರ್ಚಿನ ಪದ್ಧತಿಯಲ್ಲಿ ಯಾವ ಬರಹವೂ ಒಂಟಿಯಾಗಿ ನಿಲ್ಲದು. ಆಗದ ಮಾರಾಟವನ್ನು ಬರೆದರೆ ಯಾರೋ ಹಣ ಕೊಡಬೇಕೆಂದು ತೋರಿಸಬೇಕು. ಆ ಬಾಕಿ ವರ್ಷಗಟ್ಟಲೆ ಉಳಿದರೆ ಸಂಶಯ ಬರುತ್ತದೆ. ಹಾಗಾಗಿ ಅದು ವಸೂಲಾಯಿತೆಂದು ಬರೆಯಬೇಕು. ವಸೂಲಾದ ಹಣ ಎಲ್ಲಿ? ಬ್ಯಾಂಕಿನ ಠೇವಣಿಯಲ್ಲಿ. ಠೇವಣಿ ಇದ್ದಮೇಲೆ ಬಡ್ಡಿ ಹುಟ್ಟಲೇಬೇಕು. ಇಲ್ಲದ ಹಣಕ್ಕೆ ಇಲ್ಲದ ಬಡ್ಡಿ! ಒಂದು ಸುಳ್ಳಿನ ಮರಿಗೆ ಹೀಗೆ ವರ್ಷವರ್ಷವೂ ಮೇವು ಹಾಕುತ್ತಲೇ ಇರಬೇಕಾಗುತ್ತದೆ. ಹುಲಿಯ ಮೇಲೆ ಸವಾರಿ ಹೊರಟವನಿಗೆ ಇಳಿಯುವ ದಾರಿ ತಿಳಿಯದಂತಾಯಿತೆಂಬ ಅರ್ಥದ ಮಾತನ್ನು ರಾಜು ಅವರೇ ಬರೆದರು. ಮೇವು ಹೊತ್ತು ತಂದವರ ಮಾತು ಆ ಪತ್ರದಲ್ಲಿ ಇರಲಿಲ್ಲ. ಅದು ಹೊರಬಂದದ್ದು ತನಿಖೆಯಲ್ಲಿ. ಬಿಲ್ಲು ತಯಾರಿಸುವ ಗಣಕ ವ್ಯವಸ್ಥೆಯೊಳಗೆ ವಿಶೇಷ ಪ್ರವೇಶಾಧಿಕಾರ ಬಳಸಿ 7,561 ಸುಳ್ಳು ಬಿಲ್ಲುಗಳನ್ನು ಸೇರಿಸಲಾಗಿತ್ತೆಂದು ಸಿಬಿಐ ಹೇಳಿತು. ಅವು ವ್ಯಾಪಾರ ವಿಭಾಗದವರ ಕಣ್ಣಿಗೆ ಬೀಳದಂತೆ ಮರೆಮಾಡಿದ್ದವು. ಲೆಕ್ಕದ ಮೊತ್ತದಲ್ಲಿ ಮಾತ್ರ ಕೂಡುತ್ತಿದ್ದವು. ಬ್ಯಾಂಕಿನ ಠೇವಣಿ ರಸೀದಿಗಳೂ ಖೋಟಾ.

ತಪ್ಪೊಪ್ಪಿಗೆಯ ಪತ್ರ ಕೈಯಲ್ಲಿದ್ದರೂ ವಿಚಾರಣೆ ಆರು ವರ್ಷ ಹಿಡಿಯಿತು. 200ಕ್ಕೂ ಹೆಚ್ಚು ಸಾಕ್ಷಿಗಳು, ಸುಮಾರು 3,000 ದಾಖಲೆಗಳು. 2015ರ ಏಪ್ರಿಲ್ 9ರಂದು ಹೈದರಾಬಾದಿನ ವಿಶೇಷ ನ್ಯಾಯಾಲಯ ಹತ್ತೂ ಆರೋಪಿಗಳನ್ನು ಅಪರಾಧಿಗಳೆಂದು ತೀರ್ಮಾನಿಸಿ ಏಳು ವರ್ಷಗಳ ಶಿಕ್ಷೆ ವಿಧಿಸಿತು. ಮರುತಿಂಗಳೇ ಮೇಲ್ಮನವಿಯ ಹಂತದಲ್ಲಿ ಶಿಕ್ಷೆ ಅಮಾನತಿನಲ್ಲಿಡಲ್ಪಟ್ಟು ಜಾಮೀನು ದೊರೆಯಿತೆಂಬುದನ್ನೂ ಹೇಳಬೇಕು. ಆ ಹತ್ತು ಜನರಲ್ಲಿ ಒಡೆಯರಿದ್ದರು, ಲೆಕ್ಕಪರಿಶೋಧಕರಿದ್ದರು. ಹಣಕಾಸು ವಿಭಾಗದ ನೌಕರರೂ ಇದ್ದರು. ಒಬ್ಬರ ಹುದ್ದೆ ಸಹಾಯಕ ಮ್ಯಾನೇಜರ್. ಒಡೆಯರಿಗೂ ಸಹಾಯಕನಿಗೂ ಅವಧಿ ಒಂದೇ, ಏಳು ವರ್ಷ. "ಮೇಲಿನವರು ಹೇಳಿದರು, ನಾನು ಬರೆದೆ" ಎಂಬ ಮಾತಿಗೆ ನ್ಯಾಯಾಲಯದಲ್ಲಿ ಎಷ್ಟು ಬೆಲೆಯೆಂದು ನಮ್ಮ ಮಕ್ಕಳು ಇದರಿಂದ ತಿಳಿಯಬಹುದು.

ನಮ್ಮ ಆಚಾರ್ಯರು ಇದನ್ನು ಎಂದೋ ಹೆಸರಿಟ್ಟು ಗುರುತಿಸಿದ್ದಾರೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಅತಿಚಾರಗಳಲ್ಲಿ ಒಂದು ಕೂಟಲೇಖಕ್ರಿಯೆ. ಸಮಂತಭದ್ರರ ರತ್ನಕರಂಡಕದಲ್ಲಿಯೂ ಅದುಂಟು. ಒಬ್ಬನು ಹೇಳದಿರುವುದನ್ನು, ಮಾಡದಿರುವುದನ್ನು, ಅವನೇ ಹೇಳಿದ, ಅವನೇ ಮಾಡಿದ ಎಂದು ವಂಚನೆಗಾಗಿ ಬರೆಯುವುದೇ ಕೂಟಲೇಖವೆಂದು ಪೂಜ್ಯಪಾದರ ವ್ಯಾಖ್ಯಾನದ ತಾತ್ಪರ್ಯ. ಬ್ಯಾಂಕು ಕೊಡದ ರಸೀದಿಗೆ ಇದಕ್ಕಿಂತ ನಿಖರವಾದ ಲಕ್ಷಣವನ್ನು ಯಾವ ದಂಡಸಂಹಿತೆ ಹೇಳೀತು? ಅಚೌರ್ಯದ ಅತಿಚಾರಗಳಲ್ಲಿ ಮೊದಲನೆಯದು ಸ್ತೇನಪ್ರಯೋಗ, ಎಂದರೆ ಇನ್ನೊಬ್ಬನನ್ನು ಕಳವಿಗೆ ಪ್ರೇರಿಸುವುದು. ಬರೆದವನಿಗೂ ಬರೆಸಿದವನಿಗೂ ಶಾಸ್ತ್ರವು ಬೇರೆಬೇರೆ ಹೆಸರಿಟ್ಟಿದೆ. ಒಬ್ಬನ ದೋಷವನ್ನು ಇನ್ನೊಬ್ಬನ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳಲು ಇಬ್ಬರಿಗೂ ಅವಕಾಶವಿಲ್ಲ. ವಾರಾಂತ್ಯದಲ್ಲಿ ಇದೇ ವರಂಗಲ್ ರಸ್ತೆಯಲ್ಲಿ ಕುಲ್ಪಾಕಜಿಯ ದರ್ಶನಕ್ಕೆ ಹೋಗುವ ನಾವು ಅಲ್ಲಿ ನಿಯಮ ಸ್ವೀಕರಿಸುತ್ತೇವೆ: ರಾತ್ರಿಭೋಜನ ತ್ಯಾಗ, ಕಂದಮೂಲ ತ್ಯಾಗ. ಕೂಟಲೇಖ ತ್ಯಾಗದ ನಿಯಮ ಸ್ವೀಕರಿಸಿದವರನ್ನು ನಾನಂತೂ ಕಂಡಿಲ್ಲ.

ನನ್ನದೊಂದು ಅನುಭವವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಆ ಸಂಸ್ಥೆಯ ಹೆಸರು ಇಲ್ಲಿ ಬೇಡ. ಮಾರ್ಚ್ ಕೊನೆಯ ವಾರ ಯಜಮಾನರು ಕರೆದು, ಗೋದಾಮಿನಲ್ಲಿರದ ಸರಕನ್ನು ದಾಸ್ತಾನಿನ ಪಟ್ಟಿಗೆ ಸೇರಿಸಲು ಹೇಳಿದರು. ಬ್ಯಾಂಕು ಸಾಲದ ಮಿತಿಯನ್ನು ಏರಿಸಬೇಕಿತ್ತು. ಎಣಿಕೆ ಮಾಡಿದವರ ಸಹಿಯಿರುವ ಪಟ್ಟಿ ಕೊಡಿ, ಬರೆಯುತ್ತೇನೆ ಎಂದೆ. ಸಹಿ ಹಾಕುವವರು ಯಾರೂ ಸಿಗಲಿಲ್ಲ. ಜೂನ್ ತಿಂಗಳಲ್ಲಿ ನನಗೆ ಕೆಲಸವಿರಲಿಲ್ಲ. "ಮನೆಯ ಮಗನಂತೆ ನೋಡಿಕೊಂಡೆವು" ಎಂದು ಅವರು ನಮ್ಮವರಲ್ಲೇ ಹೇಳಿಕೊಂಡರು, ನಮ್ಮವರು ನಂಬಿದರು. ಎರಡು ವರ್ಷ ನನಗೆ ಹೆಚ್ಚು ನೋವು ಕೊಟ್ಟದ್ದು ಸಂಬಳವಲ್ಲ, ಈ ಮಾತು.

ಕಾನೂನು ಕಾಯುತ್ತದೆಯೇ? ಸತ್ಯಂ ಪ್ರಕರಣದ ನಂತರ ಬಂದ 2013ರ ಕಂಪನಿ ಕಾಯ್ದೆಯು ದೂರು ಹೇಳುವ ನೌಕರನಿಗೆ ರಕ್ಷಣೆಯಿರುವ ವ್ಯವಸ್ಥೆಯನ್ನು ಕಡ್ಡಾಯಗೊಳಿಸಿತು. ಆದರೆ ಅದು ಷೇರುಪೇಟೆಯಲ್ಲಿ ನೋಂದಾಯಿತವಾದ, ಸಾರ್ವಜನಿಕ ಠೇವಣಿ ಪಡೆಯುವ, ಅಥವಾ 50 ಕೋಟಿಗೂ ಮೀರಿ ಬ್ಯಾಂಕ್ ಸಾಲವಿರುವ ಕಂಪನಿಗಳಿಗೆ. ಸಣ್ಣ ಕಾರ್ಖಾನೆಯ ಲೆಕ್ಕಿಗ ಅದರ ಹೊರಗೇ ಉಳಿದ. 2014ರಲ್ಲಿ ಸಂಸತ್ತು ಅಂಗೀಕರಿಸಿದ ಮಾಹಿತಿದಾರರ ರಕ್ಷಣಾ ಕಾಯ್ದೆಯು ಸರ್ಕಾರಿ ನೌಕರರ ಮೇಲಿನ ದೂರುಗಳಿಗಷ್ಟೇ ಸಂಬಂಧಿಸಿದ್ದು. ಅದನ್ನೂ ಜಾರಿಗೆ ತಂದಿಲ್ಲ. ಪಾರದರ್ಶಕತೆಯನ್ನು ಚುನಾವಣೆಗೊಮ್ಮೆ ಸ್ಮರಿಸುವ ಪಕ್ಷಗಳಲ್ಲಿ ಯಾವುದಕ್ಕೂ ಇದರ ಚಿಂತೆ ಕಾಣದು. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡು ಉಳಿಯಲೇಬೇಕೆಂಬ ನಿಯಮ ಬಂದಿದೆ. ಒಳ್ಳೆಯದೇ. ಆದರೆ ಆ ಜಾಡಿನಲ್ಲಿ ದಾಖಲಾಗುವುದು ಲೆಕ್ಕಿಗನ ಹೆಸರು, ಬಾಯಿಮಾತಿನಲ್ಲಿ ಆಜ್ಞೆ ಕೊಟ್ಟವರದಲ್ಲ. ತರುಣ ಲೆಕ್ಕಿಗರೇ, ಆಜ್ಞೆಯನ್ನು ಬರಹದಲ್ಲಿ ಕೇಳಿರಿ. ಬರೆದು ಕೊಡಲು ಹಿಂಜರಿದರೆ ಉತ್ತರ ಸಿಕ್ಕಿತೆಂದೇ ತಿಳಿಯಿರಿ.

ಇನ್ನು ನಮ್ಮ ಅಂಗಳಕ್ಕೆ ಬರೋಣ. ಅಭಿಷೇಕದ ಕಲಶಗಳ ಸವಾಲಿನಲ್ಲಿ ಕೂಗಿದ ಮೊತ್ತಕ್ಕೆ ಚಪ್ಪಾಳೆ ಬೀಳುತ್ತದೆ. ವಸೂಲಾದದ್ದೆಷ್ಟು ಎಂದು ಮರುವರ್ಷ ಕೇಳಿದವನು ಧರ್ಮದ್ರೋಹಿ. ಕೂಗಿದ್ದನ್ನೇ ಬಂದ ಹಣವೆಂದು ಬರೆದರೆ ಅದು ಯಾವ ಬಗೆಯ ಲೆಕ್ಕವೆಂದು ಈಗ ನಿಮಗೆ ವಿವರಿಸಬೇಕಿಲ್ಲ. ಬಸದಿಯ ಖಜಾಂಚಿಗಳು ಗೌರವಸ್ಥರು. ಆ ಗೌರವ ಉಳಿಯಲೆಂದೇ ಕೇಳಬೇಕು.

ಊಟದ ನಂತರ ನಮ್ಮ ಈ ಕೂಟದ ಜಮಾ ಖರ್ಚಿನ ಮಂಡನೆಯಿದೆ. ಲೆಕ್ಕದ ಶಿಲ್ಕಿಗೂ ಬ್ಯಾಂಕಿನ ಪುಸ್ತಕಕ್ಕೂ ತಾಳೆ ನೋಡಿದ ಪಟ್ಟಿಯನ್ನು ತರುವಂತೆ ಖಜಾಂಚಿಯವರನ್ನು ಮೊದಲೇ ಕೋರಿದ್ದೆ. ತಂದಿದ್ದಾರೆ, ಬಾಗಿಲ ಬಳಿಯ ಮೇಜಿನ ಮೇಲಿದೆ, ಎಲ್ಲರೂ ನೋಡಬಹುದು.