ಹೊಲದ ಕಾಗದವೂ ಕಂಪ್ಯೂಟರ್ ಫೈಲೂ

ಕ್ರಯಪತ್ರ, ಪಹಣಿ, ಹಿಸ್ಸೆ ಕಾಗದಗಳನ್ನು ಒಟ್ಟಿಗೆ ಸ್ಕ್ಯಾನ್ ಮಾಡಿಸಿದರೆ ಫೈಲ್ ಭಾರವಾಗಿ ಅರ್ಜಿಗೆ ಅಪ್‌ಲೋಡ್ ಆಗುವುದಿಲ್ಲ. ಕುಗ್ಗಿಸಿದರೆ ಅಕ್ಷರ ಮಸುಕಾಗುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹಗರಿಬೊಮ್ಮನಹಳ್ಳಿಯಿಂದ ಮತ್ತೆ ಮತ್ತೆ ಬರುವ ದೂರು ಇದು. ಹರಪನಹಳ್ಳಿಯವರ ಕಟ್ಟು ಇನ್ನೂ ದಪ್ಪ. ಅದರಲ್ಲಿ 1953ಕ್ಕೆ ಮೊದಲಿನ ಮದ್ರಾಸಿನ ಮುದ್ರೆಯೂ ಇರುತ್ತದೆ, ಆಮೇಲಿನ ಮೈಸೂರಿನದೂ ಇರುತ್ತದೆ. ಜಿಲ್ಲೆಯ ಹೆಸರಂತೂ ಬಳ್ಳಾರಿ, 1997ರಿಂದ ದಾವಣಗೆರೆ, 2018ರಲ್ಲಿ ಮರಳಿ ಬಳ್ಳಾರಿ, 2021ರಿಂದ ವಿಜಯನಗರ.

ಪಿಡಿಎಫ್ ಮಾಡಿದರೆ ಸಾಕು, ಫೈಲ್ ತಾನೇ ಹಗುರವಾಗುತ್ತದೆ ಎಂಬ ನಂಬಿಕೆ ಎಷ್ಟು ಹೇಳಿದರೂ ಹೋಗುತ್ತಿಲ್ಲ. ಪಿಡಿಎಫ್ ಬರೀ ಚೀಲ. ತೂಕವೆಲ್ಲ ಒಳಗಿನ ಚಿತ್ರದ್ದು. ಎ4 ಹಾಳೆಯನ್ನು 300 ಡಿಪಿಐಯಲ್ಲಿ, ಅಂದರೆ ಅಂಗುಲಕ್ಕೆ 300 ಚುಕ್ಕೆಯಂತೆ, ಓದಿದರೆ ಸುಮಾರು 87 ಲಕ್ಷ ಚುಕ್ಕೆಗಳು. ಬಣ್ಣದಲ್ಲಾದರೆ ಚುಕ್ಕೆಗೆ 3 ಬೈಟ್, ಒಟ್ಟು 26 ಎಂಬಿ. ಅಚ್ಚ ಕಪ್ಪು-ಬಿಳುಪಿನಲ್ಲಾದರೆ ಚುಕ್ಕೆಗೆ 1 ಬಿಟ್, ಒಂದು ಎಂಬಿ ಚಿಲ್ಲರೆ. ಫ್ಯಾಕ್ಸಿಗಾಗಿ ರೂಪುಗೊಂಡ ‘ಗ್ರೂಪ್ 4’ ವಿಧಾನ ಪ್ರತಿ ಗೆರೆಯನ್ನೂ ಅದರ ಮೇಲಿನ ಗೆರೆಗೆ ಹೋಲಿಸಿ ವ್ಯತ್ಯಾಸವನ್ನಷ್ಟೇ ಬರೆದುಕೊಳ್ಳುತ್ತದೆ. ಟೈಪಾದ ಹಾಳೆ ಸಾಮಾನ್ಯವಾಗಿ ನೂರು ಕೆಬಿಯೊಳಗೆ ಬರುತ್ತದೆ, ಒಂದು ಚುಕ್ಕೆಯೂ ಕಳೆಯದೆ.

ಇದಕ್ಕಿಂತ ಬಿಗಿಯಾಗಿ ಕಟ್ಟುವುದು ಜೆಬಿಗ್-2 ಎಂಬ ವಿಧಾನ. ಎಚ್ಚರ ಬೇಕಾದದ್ದು ಇಲ್ಲಿ. ಹಾಳೆಯಲ್ಲಿ ‘ರ’ ಇಪ್ಪತ್ತು ಕಡೆ ಇದ್ದರೆ ಅದು ಒಂದನ್ನು ಇಟ್ಟುಕೊಂಡು, ಉಳಿದ ಕಡೆ ‘ಅದೇ ಇದು’ ಎಂದು ಗುರುತು ಹಾಕುತ್ತದೆ. ಉಳಿತಾಯ ಬರುವುದು ಹೀಗೆ, ಅಪಾಯವೂ ಹೀಗೆಯೇ. ನಷ್ಟ ಒಪ್ಪುವ ಬಗೆಯಲ್ಲಿ 6 ಮತ್ತು 8 ಅದರ ಕಣ್ಣಿಗೆ ಒಂದೇ ಅನ್ನಿಸಿದರೆ 8 ಇದ್ದಲ್ಲಿ 6 ಕೂರುತ್ತದೆ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಜೆರಾಕ್ಸ್ ಕಂಪನಿಯ ಯಂತ್ರಗಳಲ್ಲಿ ಇದನ್ನು ಪತ್ತೆಹಚ್ಚಿದರು. ಮನೆಯ ನಕ್ಷೆಯಲ್ಲಿ ಬೇರೆ ಬೇರೆ ಅಳತೆಯ ಮೂರು ಕೋಣೆಗಳಿಗೆ ಒಂದೇ ವಿಸ್ತೀರ್ಣ ಬಂದಿತ್ತು. ಮಸುಕಾದ ಅಂಕಿ ಓದುವವನಿಗೆ ಅನುಮಾನ ಹುಟ್ಟಿಸುತ್ತದೆ. ಇಲ್ಲಿ ತಪ್ಪು ಅಂಕಿ ಮಸುಕಾಗಿರುವುದಿಲ್ಲ, ಮುತ್ತಿನಂತೆ ಸ್ವಚ್ಛವಾಗಿರುತ್ತದೆ. ಸರ್ವೆ ನಂಬರ್ 86 ಇದ್ದದ್ದು 66 ಆದರೂ ಹಾಳೆ ನೋಡಿದವರಿಗೆ ಗೊತ್ತಾಗುವುದಿಲ್ಲ. ಕನ್ನಡದ ಆರಕ್ಕೂ ಒಂಬತ್ತಕ್ಕೂ ಒಂದು ತಿರುವಿನ ಅಂತರ. ಇದನ್ನು ಬರೆದವರ ಮನೆಯ ಹಳೆಯ ಟಿಪ್ಪಣಿಯೊಂದರಲ್ಲಿ ಮಡಿಕೆ ಬಿದ್ದ ಕಡೆ ಮೂರೋ ಎಂಟೋ ಎಂಬುದು ಭೂತಗನ್ನಡಿಗೂ ಸಿಕ್ಕಿಲ್ಲ; ಅಂಥದ್ದನ್ನು ಯಂತ್ರದ ಊಹೆಗೆ ಬಿಡಲಾಗದು. ಬೇರೆಡೆ ಹೊಲ ಮತ್ತೆ ಅಳೆಸಿ ತಿದ್ದಿಸಬಹುದು. ತುಂಗಭದ್ರೆಯ ಹಿನ್ನೀರಿನಲ್ಲಿ ಮುಳುಗಿದ ಹೊಲಗಳ ಮನೆಯವರಿಗೆ ಉಳಿದಿರುವ ಗುರುತು ಕಾಗದವೇ.

ಹಾಗಾಗಿ ಜೆಬಿಗ್-2 ಬಳಸುವುದಾದರೆ ‘ಲಾಸ್‌ಲೆಸ್’ (ನಷ್ಟವಿಲ್ಲದ್ದು) ಎಂದಿರುವುದನ್ನೇ ಆರಿಸಬೇಕು. ಅದು ಕಾಣದಿದ್ದರೆ ಗ್ರೂಪ್ 4 ಸಾಕು. ನೇರಳೆ ಸೀಲು, ತಿಳಿಯಾದ ಸಹಿ, ಛಾಪಾ ಕಾಗದ ಇರುವ ಹಾಳೆಗಳು ಕಪ್ಪು-ಬಿಳುಪಿನಲ್ಲಿ ಅಳಿಸಿಹೋಗುತ್ತವೆ. ಅವು ಮಾತ್ರ ಬಣ್ಣದಲ್ಲಿರಲಿ. ಒಂದೇ ಪಿಡಿಎಫ್‌ನಲ್ಲಿ ಎರಡೂ ಬಗೆಯ ಹಾಳೆ ಕೂಡಿಸಬಹುದು. ಕುಗ್ಗಿಸದ ಮೊದಲ ಪ್ರತಿ ಬೇರೆ ಪೆನ್‌ಡ್ರೈವಿನಲ್ಲಿರಲಿ. ಸ್ಕ್ಯಾನ್ ಮಾಡಿಸಿದ ಅಂಗಡಿ ಬಿಡುವ ಮುಂಚೆ ಸರ್ವೆ ನಂಬರ್, ಎಕರೆ-ಗುಂಟೆ, ತಾರೀಖುಗಳನ್ನು ಒಬ್ಬರು ಮೂಲ ಕಾಗದದಿಂದ ಓದಿ ಹೇಳಬೇಕು, ಇನ್ನೊಬ್ಬರು ಪರದೆಯ ಮೇಲೆ ತಾಳೆ ನೋಡಬೇಕು.