ವಿಶ್ವವಿದ್ಯಾನಿಲಯದ ಹುದ್ದೆಗಳು ಮತ್ತು ನಮ್ಮ ಮಕ್ಕಳು

(ಶಾಂತಿಗ್ರಾಮದಲ್ಲಿ ಪೋಷಕರು ಹಾಗೂ ಪದವೀಧರರನ್ನುದ್ದೇಶಿಸಿ ಮಾಡಿದ ಭಾಷಣ)



ವಿಶ್ವವಿದ್ಯಾನಿಲಯವೆಂದರೆ ಮಕ್ಕಳು ಪದವಿ ಪಡೆದು ಹೊರಬರುವ ಸ್ಥಳವೆಂದಷ್ಟೇ ನಾವು ಬಗೆದಿದ್ದೇವೆ. ಅದೊಂದು ಉದ್ಯೋಗದ ನೆಲೆಯೂ ಹೌದೆಂಬ ಮಾತು ನಮ್ಮ ಮನೆಗಳಲ್ಲಿ ಬರುವುದೇ ಇಲ್ಲ. ಪ್ರಾಧ್ಯಾಪಕರಲ್ಲದೆ ಅಲ್ಲಿ ಗ್ರಂಥಾಲಯ ಸಹಾಯಕರು, ಪ್ರಯೋಗಾಲಯ ಸಿಬ್ಬಂದಿ, ಪ್ರಥಮ ಮತ್ತು ದ್ವಿತೀಯ ದರ್ಜೆ ಸಹಾಯಕರು, ಸಂಶೋಧನಾ ಸಹಾಯಕರು ಬೇಕು. ಇವನ್ನು ಕಿರಿಯ ಕೆಲಸಗಳೆಂದು ತಿಳಿಯಬೇಡಿ. ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಪ್ರಕಟಿಸಿದ ಆರ್. ಶಾಮಶಾಸ್ತ್ರಿಗಳು ಮೈಸೂರಿನ ಓರಿಯಂಟಲ್ ಲೈಬ್ರರಿಯ ಗ್ರಂಥಪಾಲಕರಾಗಿದ್ದರು. ಅರಬಿ, ಫಾರಸಿ, ಉರ್ದು ಓದಬಲ್ಲ ಮದ್ರಸಾ ಪದವೀಧರನಿಗೆ ಹಸ್ತಪ್ರತಿ ಸೂಚಿ ತಯಾರಿಸುವ ಕೆಲಸ ಪರಕೀಯವೇ?

ರಾಜ್ಯದ ಜನಸಂಖ್ಯೆಯಲ್ಲಿ ಶೇ. 12ರಷ್ಟಿದ್ದ ಮುಸ್ಲಿಮರು ಸರಕಾರಿ ನೌಕರಿಯಲ್ಲಿ ಶೇ. 8.5ರಷ್ಟಿದ್ದಾರೆಂದು 2006ರ ಸಾಚಾರ್ ವರದಿ ಹೇಳಿತ್ತು. ವರದಿಯನ್ನು ವೇದಿಕೆಗಳಲ್ಲಿ ಉಲ್ಲೇಖಿಸಿದಷ್ಟು ನಾವು ಅರ್ಜಿಗಳನ್ನು ಹಾಕಿಲ್ಲ.

ನಮ್ಮ ಪಕ್ಕದ ಹೇಮಗಂಗೋತ್ರಿ ಸ್ನಾತಕೋತ್ತರ ಕೇಂದ್ರವು 2023ರಲ್ಲಿ ಹಾಸನ ವಿಶ್ವವಿದ್ಯಾನಿಲಯವಾಯಿತು. ಫಲಕ ಬದಲಾದಷ್ಟು ಸುಲಭವಾಗಿ ಹಣವೂ ಹುದ್ದೆಗಳೂ ಬರಲಿಲ್ಲ. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿಯು ಇದೂ ಸೇರಿದಂತೆ ಒಂಬತ್ತು ವಿಶ್ವವಿದ್ಯಾನಿಲಯಗಳನ್ನು ಮುಚ್ಚುವ ಮಾತೆತ್ತಿತು. ಆದ್ದರಿಂದ ಹಾಸನವೊಂದನ್ನೇ ನೆಚ್ಚಿ ಕೂರಬಾರದು; ಮೈಸೂರು, ಬೆಂಗಳೂರು, ಮಂಗಳೂರುಗಳ ಪ್ರಕಟಣೆಗಳನ್ನೂ ನೋಡುತ್ತಿರಬೇಕು.

ಹುದ್ದೆಗಳಲ್ಲಿ ಭೇದವಿದೆ. ಕಾಯಂ ಹುದ್ದೆಗೆ ಅಧಿಸೂಚನೆ, ಅರ್ಹತೆ, ಮೀಸಲಾತಿ ಬಿಂದು ಎಲ್ಲವೂ ಇರುತ್ತವೆ. ಯೋಜನಾ ಸಹಾಯಕರ ಹುದ್ದೆ ಯೋಜನೆಯೊಂದಿಗೇ ಮುಗಿಯುತ್ತದೆ. ಅದರ ಪ್ರಕಟಣೆ ಸಣ್ಣದು, ಸಂದರ್ಶನಕ್ಕೆ ಉಳಿಯುವ ದಿನಗಳೂ ಕೆಲವೇ. ಹೊರಗುತ್ತಿಗೆಯಲ್ಲಿ ಸಂಬಳ ಕೊಡುವವನು ಗುತ್ತಿಗೆದಾರ. ಭವಿಷ್ಯನಿಧಿ, ಇಎಸ್‌ಐ ಕಟ್ಟುತ್ತಾನೆಯೇ ಎಂದು ಮೊದಲೇ ಕೇಳಬೇಕು. ಅಲ್ಲಿಯೂ ಮೀಸಲಾತಿ ಪಾಲಿಸಬೇಕೆಂದು ರಾಜ್ಯ ಸರಕಾರ 2024ರ ಮೇ ತಿಂಗಳಲ್ಲಿ ಸುತ್ತೋಲೆ ಹೊರಡಿಸಿದೆ. ಇವುಗಳ ಭೇದವರಿಯದವನೇ ದಲ್ಲಾಳಿಯ ಕೈಗೆ ಸಿಕ್ಕಿಬೀಳುವುದು. 'ಒಳಗೆ ಮಾತಾಡಿದ್ದೇನೆ' ಎಂಬವನ ಮಾತಿಗೆ ಮರುಳಾಗಿ, ಮಗಳ ಮದುವೆಗೆಂದು ಕೂಡಿಟ್ಟದ್ದನ್ನು ಹೊರಗುತ್ತಿಗೆಯ ಕೆಲಸಕ್ಕೆ ಸುರಿಯುವ ತಂದೆಯರಿದ್ದಾರೆ. ಆ ಹಣ ಅವನು ದುಡಿದದ್ದಲ್ಲ, ಅವನಿಗೆ ಹಲಾಲೂ ಅಲ್ಲ.

ಸಂಶೋಧನೆಯ ದಾರಿ ದೀರ್ಘವಾದದ್ದು. ಮೌಲಾನಾ ಆಝಾದ್ ಫೆಲೋಶಿಪ್ 2022-23ರಿಂದ ನಿಂತುಹೋಯಿತು. ಅದರ ಬಗ್ಗೆ ನಮ್ಮ ಪ್ರತಿಭಟನೆ ಇರಲಿ. ಆದರೆ ಎನ್‌ಇಟಿ ಮೂಲಕ ದೊರೆಯುವ ಕಿರಿಯ ಸಂಶೋಧನಾ ಫೆಲೋಶಿಪ್ ಎಲ್ಲರಿಗೂ ಮುಕ್ತವಾಗಿದೆ. 2023ರಿಂದ ಅದು ತಿಂಗಳಿಗೆ 37,000 ರೂಪಾಯಿ. ಎಂ.ಎ. ಮುಗಿಸಿದ ಮಗಳಿಗೆ 'ಇಷ್ಟು ಸಾಕು' ಎನ್ನುವ ಮುನ್ನ ಈ ಪರೀಕ್ಷೆಗೆ ಒಮ್ಮೆ ಕೂರಲು ಬಿಡಿ.

2ಬಿ ಮೀಸಲಾತಿಯನ್ನು ರದ್ದುಪಡಿಸುವ ಆದೇಶ 2023ರ ಮಾರ್ಚ್‌ನಲ್ಲಿ ಬಂತು. ಸುಪ್ರೀಂ ಕೋರ್ಟಿನ ಮುಂದೆ ಅದು ಜಾರಿಯಾಗದೆ ನಿಂತಿತು. ಹೀಗೆ ಉಳಿದ ಹಕ್ಕು ಪ್ರಮಾಣಪತ್ರವಿಲ್ಲದ ಒಂದೇ ಕಾರಣಕ್ಕೆ ಕೈತಪ್ಪಬಾರದು. ಅಧಿಸೂಚನೆ ಬಂದ ಮೇಲೆ ನಾಡಕಚೇರಿಗೆ ಓಡುವ ನಮ್ಮ ಪದ್ಧತಿ ನಿಲ್ಲಲಿ.

ಖಾಲಿ ಹುದ್ದೆಗಳೆಷ್ಟು, 2ಬಿಗೆ ಎಷ್ಟು ಎಂಬುದನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಯಾರೂ ಕೇಳಬಹುದು. ಶುಲ್ಕ ಹತ್ತು ರೂಪಾಯಿ. ಒಂದೇ ವಿಷಯ, 150 ಪದಗಳೊಳಗಿರಬೇಕು. ಉತ್ತರಕ್ಕೆ 30 ದಿನ. ಸಭೆಯ ಬಳಿಕ ಪದವೀಧರರು ಇಲ್ಲಿಯೇ ಉಳಿಯಿರಿ. ಮೊದಲ ಅರ್ಜಿಯನ್ನು ನಾವೆಲ್ಲ ಕೂಡಿ ಬರೆಯೋಣ.