ಹಗೇವು, ಬಾವಿ, ಗುಂಡಿ: ಇಳಿಯುವ ಮುನ್ನ
(ಬೆಳ್ಳಿಹಬ್ಬದ ಸಭೆಯಲ್ಲಿ ಆಡಳಿತ ಮಂಡಳಿಯ ಪರವಾಗಿ ಮಾಡಿದ ಭಾಷಣ)



ಸಾಲ, ಠೇವಣಿ, ಲಾಭಾಂಶದ ಮಾತು ಮುಂಜಾನೆಯಿಂದ ಸಾಕಷ್ಟು ಆಗಿದೆ. ನಾವು ಈಗ ಬೇರೊಂದು ವಿಷಯ ಎತ್ತಿಕೊಂಡಿದ್ದೇವೆ. ಹಬ್ಬದ ದಿನ ಸಾವಿನ ಮಾತು ಯಾಕ್ರೀ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಇಷ್ಟು ಜನ ಒಂದೇ ಕಡೆ ಕೂಡುವುದು ಮತ್ತೆ ಯಾವಾಗಲೋ. ಊಟಕ್ಕೆ ಮೊದಲು ಹತ್ತು ನಿಮಿಷ ಕೊಡಿರಿ.

ಹಗೇವು ಕಂಡ ಹಿರಿಯರು ಇಲ್ಲಿ ಇನ್ನೂ ಇದ್ದಾರೆ. ನೆಲ ಅಗೆದು, ಸುತ್ತ ಹುಲ್ಲು ಒತ್ತಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ಕಾಳಿಗೂ ಜೀವ ಇದೆ, ಅದೂ ಉಸಿರಾಡುತ್ತದೆ. ಮುಚ್ಚಿದ ಹಗೇವಿನೊಳಗೆ ಕಾಳು, ಹುಳು ಎರಡೂ ಸೇರಿ ಆಮ್ಲಜನಕ ಮುಗಿಸಿ ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಆ ಗಾಳಿಯಲ್ಲಿ ಹುಳು ಸಾಯುತ್ತದೆ, ಜೋಳ ಉಳಿಯುತ್ತದೆ. ಹುಳುವನ್ನು ಕೊಲ್ಲುವ ಗಾಳಿ ಮನುಷ್ಯನನ್ನು ಬಿಟ್ಟೀತೇ? ಅದಕ್ಕೇ ಹಿರಿಯರು "ಬಾಯಿ ತೆಗೆದ ಕೂಡ್ಲೇ ಇಳೀಬ್ಯಾಡ್ರೋ" ಅನ್ನುತ್ತಿದ್ದರು. ಗಾಳಿಯಾಡಲು ಬಿಟ್ಟು, ಕಂದೀಲು ಇಳಿಬಿಟ್ಟು ನೋಡುತ್ತಿದ್ದರು.

ಈಗ ಗೋದಾಮು ಬಂತು, ಚೀಲ ಬಂತು, ಹಗೇವು ಹೋಯಿತು. ಅದರ ಜೊತೆಗೆ ಆ ತಿಳುವಳಿಕೆಯೂ ಹೋಯಿತು. ಗುಂಡಿಗಳು ಮಾತ್ರ ಹೆಚ್ಚಿದವು. 2014ರಲ್ಲಿ ಸ್ವಚ್ಛ ಭಾರತ ಶುರುವಾದ ಮೇಲೆ ಎಷ್ಟೋ ಮನೆಗಳ ಹಿತ್ತಲಿಗೆ ಪಾಯಿಖಾನೆ ಗುಂಡಿ ಬಂದಿದೆ. ಗೋಬರ್ ಗ್ಯಾಸ್ ಇದೆ, ರಸಮೇವಿನ ಗುಂಡಿ ಇದೆ, ಪಾಳು ಬಿದ್ದ ಬಾವಿಗಳಂತೂ ಇದ್ದೇ ಇವೆ.

ಬಾವಿಯಲ್ಲಿ ಯಾರಾದರೂ ಸತ್ತರೆ "ಬಾವಿ ಬಲಿ ತಗೊಂತು" ಅನ್ನುತ್ತೇವೆ. ದೆವ್ವದ ಮೇಲೆ ಹಾಕಿದರೆ ಯಾರೂ ಉತ್ತರ ಕೊಡಬೇಕಿಲ್ಲ ನೋಡಿ! ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಸುಮಾರು 21 ಭಾಗ ಆಮ್ಲಜನಕ. 19.5ಕ್ಕಿಂತ ಕಡಿಮೆಯಾದರೆ ಇಳಿಯಬಾರದು ಎಂಬುದು ತಿಳಿದವರು ಹಾಕಿಕೊಂಡ ಗೆರೆ. 6ಕ್ಕಿಂತ ಕೆಳಗಾದರೆ ಒಂದೆರಡು ಉಸಿರಿಗೇ ಪ್ರಜ್ಞೆ ತಪ್ಪುತ್ತದೆ, ಕೂಗಲಿಕ್ಕೂ ಆಗುವುದಿಲ್ಲ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ತಳದಲ್ಲಿ ನೀರಿನಂತೆ ನಿಂತಿರುತ್ತದೆ, ಕಣ್ಣಿಗೆ ಕಾಣದು. ಬಾವಿಯೊಳಗಿನ ಕಟ್ಟೆಯ ಮೇಲೆ ಡೀಸೆಲ್ ಎಂಜಿನ್ ಇಟ್ಟು ನೀರೆತ್ತುವವರು ಇನ್ನೊಂದು ವಿಷವನ್ನು ತಾವೇ ತುಂಬುತ್ತಾರೆ. ಅದು ಕಾರ್ಬನ್ ಮಾನಾಕ್ಸೈಡ್, ಅದಕ್ಕೆ ವಾಸನೆಯೇ ಇಲ್ಲ.

ಪಾಯಿಖಾನೆ ಗುಂಡಿಯಲ್ಲಿ ಇರುವುದು ಹೈಡ್ರೋಜನ್ ಸಲ್ಫೈಡ್. ಮೊದಲು ಕೊಳೆತ ತತ್ತಿಯ ನಾತ ಹೊಡೆಯುತ್ತದೆ. ಪ್ರಮಾಣ ಹೆಚ್ಚಾದರೆ ಮೂಗೇ ಸತ್ತುಹೋಗುತ್ತದೆ. "ಈಗ ವಾಸನಿ ಹೋತು, ಇಳೀಬಹುದು" ಅಂದ ಮನುಷ್ಯ ಅಲ್ಲೇ ಮೋಸ ಹೋಗುತ್ತಾನೆ. ಮೂಗಿಗೆ ಒದ್ದೆ ಟವೆಲ್ ಕಟ್ಟಿಕೊಂಡರೆ ಈ ಯಾವ ಗ್ಯಾಸೂ ನಿಲ್ಲುವುದಿಲ್ಲ.

ಕಂದೀಲಿನ ಬಗ್ಗೆ ಒಂದು ಮಾತು. ದೀಪ ಆರಿದರೆ ಇಳಿಯಬೇಡ ಎಂದರ್ಥ. ಉರಿದರೆ ಇಳಿ ಎಂದರ್ಥವಲ್ಲ, ಏಕೆಂದರೆ ಈ ವಿಷಗಳನ್ನು ಅದು ತೋರಿಸದು. ಗೋಬರ್ ಗ್ಯಾಸ್ ಮತ್ತು ಪಾಯಿಖಾನೆ ಗುಂಡಿಯ ಹತ್ತಿರ ದೀಪ, ಬೀಡಿ ಒಯ್ಯಲೇಬಾರದು. ಅಲ್ಲಿರುವ ಮೀಥೇನ್ ಸಿಡಿಯುತ್ತದೆ.

ಒಬ್ಬ ಬಿದ್ದ ಕೂಡಲೇ ಅಣ್ಣ ಹಾರುತ್ತಾನೆ, ಅವನ ಹಿಂದೆ ಅಪ್ಪ. ಕರುಳು ತಡೆಯುವುದಿಲ್ಲ, ನಿಜ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆಯೊಂದು 1986ರಲ್ಲಿ ಹೇಳಿದಂತೆ, ಇಂಥ ಜಾಗಗಳಲ್ಲಿ ಸತ್ತವರಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ಮಂದಿ ಉಳಿಸಲು ಇಳಿದವರು. ಅಂದರೆ ಹಗ್ಗವನ್ನು ಇಳಿಯುವ ಮೊದಲೇ ಕಟ್ಟಿರಬೇಕು. ಮೇಲಿದ್ದವರು ಗಡಗಡಿಯಿಂದ ಎಳೆಯಬೇಕು, ತಾವು ಇಳಿಯಬಾರದು. ಮೇಲೆ ಇಬ್ಬರಾದರೂ ಇರಬೇಕು, ಚಹಾ ಕುಡಿಯಲಿಕ್ಕೂ ಅಲ್ಲಿಂದ ಏಳಬಾರದು. ಹಗ್ಗ ಕಟ್ಟಿರದಿದ್ದರೆ 112ಕ್ಕೆ ಫೋನ್ ಮಾಡಿರಿ, ಮೇಲಿಂದ ಗಾಳಿ ಊದುತ್ತಿರಿ. ಕೈಕಟ್ಟಿ ನಿಲ್ಲುವುದು ಕಠಿಣ, ಆದರೂ ನಿಲ್ಲಬೇಕು.

ಇನ್ನು, ಇಳಿಯುವವರು ಯಾರು? ಗುಂಡಿಯ ಮಾಲೀಕ ಇಳಿಯುವುದಿಲ್ಲ. ಕೂಲಿಗೆ ಬಂದ ಬಡವ ಇಳಿಯುತ್ತಾನೆ. "ಅವನೇ ಒಪ್ಪಿದ್ದ" ಎಂಬ ಮಾತು ನಡೆಯದು. ರಕ್ಷಣಾ ಸಾಧನವಿಲ್ಲದೆ ಸೆಪ್ಟಿಕ್ ಟ್ಯಾಂಕಿಗೆ ಜನರನ್ನು ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಅಥವಾ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಚರಂಡಿಯಲ್ಲಿ ಸತ್ತವರ ಮನೆಯವರಿಗೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರಲ್ಲಿ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿದೆ. ನಮ್ಮ ಮಾತು ಕಾಯ್ದೆಗಿಂತ ಒಂದು ಹೆಜ್ಜೆ ಮುಂದೆ: ಪಾಯಿಖಾನೆ ಗುಂಡಿಗೆ ಯಾರೂ ಇಳಿಯುವುದೇ ಬೇಡ. ಸಕ್ಕಿಂಗ್ ಗಾಡಿ ಕರೆಸಿರಿ.

ಬಾವಿ ಕೆಲಸ ಹಾಗೆ ಬಿಡಲಿಕ್ಕೆ ಆಗುವುದಿಲ್ಲ. ಅದಕ್ಕಾಗಿ ಬೆಳ್ಳಿಹಬ್ಬದ ನಿಧಿಯಿಂದ ಮೂರು ಕಾಲಿನ ಸ್ಟ್ಯಾಂಡು, ಗಡಗಡಿ, ಮೈಗೆ ಬಿಗಿಯುವ ಬೆಲ್ಟು, ಉದ್ದ ಪೈಪಿನ ಗಾಳಿಯಂತ್ರ, ಗ್ಯಾಸ್ ಅಳೆಯುವ ಮೀಟರು ಕೊಳ್ಳಬೇಕೆಂದು ಠರಾವು ತಂದಿದ್ದೇವೆ. ಸಭಾಭವನಕ್ಕೆ ಟೈಲ್ಸ್ ಹಾಕಿಸಿ ಎಂದು ಕೆಲವರು ಕೇಳಿದ್ದಾರೆ. ಟೈಲ್ಸ್ ಮುಂದಿನ ವರ್ಷ ಹಾಕಿಸೋಣ. ಮೀಟರನ್ನು ಬಾಯಿ, ನಡು, ತಳ ಮೂರೂ ಕಡೆ ಹಿಡಿದು ನೋಡಬೇಕು, ಕೆಲಸ ಮುಗಿಯುವವರೆಗೂ ನೋಡುತ್ತಿರಬೇಕು. ಕಲಿಯಲು ಹುಡುಗರು ಮುಂದೆ ಬರಬೇಕು. ಸಾಮಾನು ಗೊಬ್ಬರದ ಗೋದಾಮಿನಲ್ಲಿರುತ್ತದೆ, ಬೀಗದ ಕೈ ಕಾರ್ಯದರ್ಶಿಗಳ ಮನೆಯಲ್ಲಿ. ರಾತ್ರಿ ಬಂದು ಎಬ್ಬಿಸಿದರೂ ಕೊಡುತ್ತಾರೆ. ಸದಸ್ಯರಲ್ಲದವರಿಗೂ ಬಾಡಿಗೆ ಇಲ್ಲ. ಠರಾವಿಗೆ ಒಪ್ಪುವವರು ಈಗ ಕೈ ಎತ್ತಬೇಕು.